ಹವಾಯಿಯ ಕಬ್ಬಿನ ತೋಟಗಳಲ್ಲಿ ಸ್ಪೇನಿನ ಒಂದು ಮನೆತನ

ಕ್ಯಾಲಿಫೋರ್ನಿಯಾದ ಸನಿವೇಲ್, ಮೌಂಟನ್ ವ್ಯೂ ಕಡೆ ವಾಸವಾಗಿರುವ ಕನ್ನಡಿಗರಿಗೆ ನೆರೆಹೊರೆಯಲ್ಲಿ ಸ್ಪ್ಯಾನಿಷ್ ಹೆಸರಿನ ಹಿರಿಯರು ಕಂಡರೆ ಅವರು ಮೆಕ್ಸಿಕೊ ಮೂಲದವರೇ ಇರಬೇಕೆಂದು ಅನ್ನಿಸುವುದು ಸಹಜ, ಬಹಳಷ್ಟು ಸಲ ಆ ಊಹೆ ಸರಿಯೂ ಹೌದು. ಆದರೆ ಈ ಊರುಗಳ ಹಳೆಯ ನಿವಾಸಿಗಳಲ್ಲಿ ಬೇರೊಂದು ಗುಂಪೂ ಇದೆ. ಸ್ಪೇನ್ ದೇಶದ ದಕ್ಷಿಣದ ಹಳ್ಳಿಗಳಿಂದ ಹೊರಟು, ಹವಾಯಿ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಮತ್ತೆ ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಹಣ್ಣಿನ ತೋಟಗಳಿಗೆ ಬಂದು ನೆಲೆ ನಿಂತವರ ಮಕ್ಕಳು, ಮೊಮ್ಮಕ್ಕಳು ಇವರು. ನಮ್ಮ ಪಕ್ಕದ ಮನೆಯ ಅಜ್ಜಿ ಅಂಥ ಒಂದು ಮನೆತನಕ್ಕೆ ಸೇರಿದವರು. ಎಂಬತ್ತು ದಾಟಿದ ಅವರಿಗೆ ತಮ್ಮ ಅಜ್ಜ ಅಜ್ಜಿಯರು ಸ್ಪೇನಿನ ಯಾವ ಊರಿನವರು ಎಂಬುದು ತಿಳಿದಿರಲಿಲ್ಲ. ನಿವೃತ್ತಿಯ ನಂತರ ಸಂಜೆಯ ತರಗತಿಗೆ ಹೋಗಿ ಸ್ವಲ್ಪ ಸ್ಪ್ಯಾನಿಷ್ ಕಲಿತಿದ್ದ ನನಗೆ ಹಳೆಯ ಕಾಗದಪತ್ರಗಳನ್ನು ಓದುವ ಹುಚ್ಚೂ ಇದ್ದುದರಿಂದ, ಅವರ ಊರನ್ನು ಹುಡುಕುವ ಕೆಲಸದಲ್ಲಿ ನಾನೂ ಜೊತೆಯಾದೆ. ಈ ಹುಡುಕಾಟದಲ್ಲಿ ನನಗೆ ಮನದಟ್ಟಾದ ಮುಖ್ಯ ಸಂಗತಿಯೆಂದರೆ, ಇಂಥ ಮನೆತನಗಳ ಮೂಲ ಹುಡುಕುವವರು ಹವಾಯಿಯ ಆ ಐದಾರು ವರ್ಷಗಳನ್ನು ದಾರಿ ನಡುವಿನ ತಂಗುದಾಣವೆಂದು ಬಗೆದು ದಾಟಿಬಿಡುತ್ತಾರೆ. ವಾಸ್ತವದಲ್ಲಿ ಇಡೀ ಕಥೆಯ ಬೀಗದ ಕೈ ಆ ದ್ವೀಪಗಳಲ್ಲೇ ಇದೆ.

ಸ್ಪೇನಿನ ರೈತರು ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳಿಗೆ ಹೋದದ್ದಾದರೂ ಏಕೆ ಎಂಬುದನ್ನು ಮೊದಲು ಹೇಳಬೇಕು. 1898ರಲ್ಲಿ ಹವಾಯಿಯನ್ನು ಅಮೆರಿಕ ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಅಲ್ಲಿನ ಸಕ್ಕರೆ ತೋಟಗಳ ಮಾಲೀಕರಿಗೆ ಕೂಲಿಗಳ ಸಮಸ್ಯೆ ಎದುರಾಯಿತು. ಚೀನೀಯರ ವಲಸೆಯನ್ನು ತಡೆಯುವ ಅಮೆರಿಕದ ಕಾನೂನು ದ್ವೀಪಗಳಿಗೂ ಅನ್ವಯಿಸಿತು. ಮೊದಲೇ ಕರಾರು ಬರೆಸಿಕೊಂಡು ಹೊರದೇಶದ ಕೂಲಿಗಳನ್ನು ತರುವ ಹಳೆಯ ಪದ್ಧತಿ ನಿಂತಿತು. ಅಮೆರಿಕ ಮತ್ತು ಜಪಾನ್ ನಡುವಿನ 1907-08ರ ಒಪ್ಪಂದದ ನಂತರ ಜಪಾನಿನಿಂದ ಬರುವ ಕಾರ್ಮಿಕರ ಸಂಖ್ಯೆಯೂ ಇಳಿಯಿತು. ಜೊತೆಗೆ, ಆಗಲೇ ಬಹುಸಂಖ್ಯಾತರಾಗಿದ್ದ ಜಪಾನೀ ಕೂಲಿಗಳು ಒಗ್ಗಟ್ಟಿನಿಂದ ಸಂಬಳ ಕೇಳತೊಡಗಿದ್ದರು, 1909ರಲ್ಲಿ ಒವಾಹು ದ್ವೀಪದಲ್ಲಿ ದೊಡ್ಡ ಮುಷ್ಕರವನ್ನೇ ಹೂಡಿದರು. ಯುರೋಪಿನಿಂದ ಸಂಸಾರ ಸಮೇತ ಜನರನ್ನು ತಂದರೆ ಅವರು ಅಲ್ಲೇ ಬೇರೂರುತ್ತಾರೆ, ಅಮೆರಿಕದ ಸರ್ಕಾರಕ್ಕೂ ಅದು ಒಪ್ಪಿಗೆಯಾಗುತ್ತದೆ ಎಂಬುದು ಮಾಲೀಕರ ಲೆಕ್ಕಾಚಾರ. ಪೋರ್ಚುಗೀಸರನ್ನು ಅವರು 1878ರಿಂದಲೇ ತರಿಸುತ್ತಿದ್ದರು. ಈಗ ಪಕ್ಕದ ದೇಶದ ಕಡೆಗೆ ಕಣ್ಣು ಹಾಯಿಸಿದರು. ಕರೆತರುವ ಕೆಲಸಕ್ಕೆ ದ್ವೀಪ ಸರ್ಕಾರದ ವಲಸೆ ಮಂಡಳಿ ಮುಂದೆ ನಿಂತಿತು. ಹೆಸರು ಸರ್ಕಾರದ್ದು, ಗರಜು ತೋಟದ ಮಾಲೀಕರದ್ದು.

ಹೊರಡುವವರ ಕಡೆಯಲ್ಲೂ ಕಾರಣಗಳಿದ್ದವು. ದಕ್ಷಿಣ ಸ್ಪೇನಿನ ಮಾಲಗಾ ಪ್ರಾಂತದ ಗುಡ್ಡಗಾಡಿನ ಜನ ದ್ರಾಕ್ಷಿಯನ್ನೇ ನಂಬಿ ಬದುಕಿದವರು. 1878ರಲ್ಲಿ ಆ ಸೀಮೆಯ ಮೊಕ್ಲಿನೆಹೊ ಎಂಬ ಊರಿನ ತೋಟವೊಂದರಲ್ಲಿ ಫಿಲಾಕ್ಸೆರಾ ಎಂಬ, ಬಳ್ಳಿಯ ಬೇರನ್ನೇ ತಿನ್ನುವ ಕೀಟ ಕಾಣಿಸಿಕೊಂಡಿತು; ಮುಂದಿನ ವರ್ಷಗಳಲ್ಲಿ ಒಣದ್ರಾಕ್ಷಿಗೂ ಸಿಹಿ ವೈನಿಗೂ ಹೆಸರಾಗಿದ್ದ ಗುಡ್ಡಗಳೆಲ್ಲ ಬೋಳಾದವು. ಭೂಮಿ ಇದ್ದವರ ಸ್ಥಿತಿಯೇ ಹೀಗಾದಾಗ, ಕೂಲಿಯನ್ನೇ ನಂಬಿದವರ ಪಾಡು ಹೇಳಬೇಕಾಗಿಲ್ಲ. ಇದಕ್ಕಿಂತ ಕುತೂಹಲಕರವಾದ ಇನ್ನೊಂದು ಸಂಗತಿಯೂ ಇದೆ. ಮಾಲಗಾದಿಂದ ಪೂರ್ವಕ್ಕೆ, ಗ್ರಾನಡಾ ಪ್ರಾಂತದ ಮೊತ್ರಿಲ್ ಮತ್ತು ಸಾಲೊಬ್ರೆನ್ಯಾ ಊರುಗಳವರೆಗಿನ ಕರಾವಳಿ ಪಟ್ಟಿಯಲ್ಲಿ ಅರಬರ ಆಳ್ವಿಕೆಯ ಕಾಲದಿಂದಲೂ ಕಬ್ಬು ಬೆಳೆಯುತ್ತಿದ್ದರು. ಅಲ್ಲಿನ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ್ದು ತೀರಾ ಇತ್ತೀಚೆಗೆ, 2006ರಲ್ಲಿ. ಹೀಗಾಗಿ ಹವಾಯಿಗೆ ಹೋದವರಲ್ಲಿ ಕಬ್ಬು ಕಡಿಯುವುದೂ ಸೋಗೆ ಸುಲಿಯುವುದೂ ತಲೆತಲಾಂತರದಿಂದ ಗೊತ್ತಿದ್ದವರೂ ಇದ್ದರು. ಕೆಲಸ ಅದೇ, ಸೂರ್ಯ ಮುಳುಗುವ ಸಮುದ್ರ ಮಾತ್ರ ಬೇರೆ.

ಮೊದಲ ಹಡಗು ಹೆಲಿಯೊಪೊಲಿಸ್. 1907ರ ಮಾರ್ಚ್‌ನಲ್ಲಿ ಮಾಲಗಾ ಬಂದರನ್ನು ಬಿಟ್ಟ ಅದು, ಏಪ್ರಿಲ್ 26ರಂದು 2,246 ಜನರೊಂದಿಗೆ ಹೊನಲುಲು ತಲುಪಿತು. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ. ಅದಕ್ಕೆ ಮೊದಲು ಈ ಜನರೆಲ್ಲ ದಕ್ಷಿಣ ಅಮೆರಿಕದ ತುದಿಯನ್ನು ಬಳಸಿಕೊಂಡೇ ಬರಬೇಕಾಗಿತ್ತು. 1911ರಲ್ಲಿ ಆರ್ಟೆರಿಕ್ ಎಂಬ ಹಡಗು ಸ್ಪೇನಿನವರನ್ನೂ ಪೋರ್ಚುಗೀಸರನ್ನೂ ಒಟ್ಟಿಗೆ ತುಂಬಿಕೊಂಡು ಬಂತು. ಆ ಪ್ರಯಾಣದಲ್ಲಿ ದಡಾರ ಹರಡಿ ಹಲವು ಮಕ್ಕಳು ಸತ್ತವು. ಅದೇ ವರ್ಷದ ಕೊನೆಗೆ ವಿಲ್ಸ್‌ಡನ್, 1912ರಲ್ಲಿ ಹಾರ್ಪಾಲಿಯನ್, 1913ರಲ್ಲಿ ಆಸ್ಕಟ್ ಹಡಗುಗಳು ಬಂದವು. ಎಲ್ಲ ಸೇರಿ ಸುಮಾರು ಎಂಟು ಸಾವಿರ ಜನ ಎನ್ನಬಹುದು. 1913ರ ನಂತರ ಮಾಲೀಕರು ಸ್ಪೇನಿನ ಆಸೆಯನ್ನು ಕೈಬಿಟ್ಟು ಫಿಲಿಪೀನ್ಸ್ ಕಡೆಗೆ ಪೂರ್ತಿಯಾಗಿ ತಿರುಗಿದರು. ಕಾರಣ ಸರಳ. ಬಂದವರು ನಿಲ್ಲಲಿಲ್ಲ. 1920ರ ಜನಗಣತಿಯಲ್ಲಿ ಹವಾಯಿಯಲ್ಲಿದ್ದ ಸ್ಪೇನಿನವರು 2,430, 1930ರಲ್ಲಿ ಬರೀ 1,219. ಉಳಿದವರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾಕ್ಕೆ ದಾಟಿದ್ದರು.

ಇಷ್ಟು ಹಿನ್ನೆಲೆ ಗೊತ್ತಿಲ್ಲದೆ ಹುಡುಕಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಮನೆಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬರುವ ಊರಿನ ಹೆಸರು ಹೆಚ್ಚಾಗಿ ಹುಟ್ಟೂರಿನದಲ್ಲ, ಹಡಗು ಹತ್ತಿದ ಬಂದರಿನದು. ಹೆಲಿಯೊಪೊಲಿಸ್‌ನಲ್ಲಿ ಬಂದವರ ಮೊಮ್ಮಕ್ಕಳು ತಮ್ಮದು ಮಾಲಗಾ ನಗರವೆಂದು ಹೇಳುತ್ತಾರೆ, ನಂತರದ ಹಡಗುಗಳಲ್ಲಿ ಬಂದವರ ಮನೆಯವರು ಜಿಬ್ರಾಲ್ಟರ್ ಎನ್ನುತ್ತಾರೆ. ನಮ್ಮ ಅಜ್ಜಿಯ ಮನೆಯಲ್ಲೂ ಜಿಬ್ರಾಲ್ಟರ್ ಎಂಬ ಮಾತೇ ಇತ್ತು. ಅದರಿಂದಾಗಿ ಅವರ ಸೋದರಸಂಬಂಧಿಯೊಬ್ಬರು ತಮ್ಮ ಮನೆತನದಲ್ಲಿ ಇಂಗ್ಲಿಷರ ರಕ್ತವಿದೆಯೆಂದು ಬಹುಕಾಲ ನಂಬಿದ್ದರಂತೆ. ಹಿನ್ನೆಲೆ ಹೀಗಿದೆ: 1907ರ ಡಿಸೆಂಬರಿನಲ್ಲಿ ಸ್ಪೇನ್ ಸರ್ಕಾರ ವಲಸೆಯ ಬಗ್ಗೆ ಹೊಸ ಕಾಯಿದೆ ತಂದಿತು, ಹವಾಯಿಗೆ ಜನ ಹೋಗುವುದು ಅದಕ್ಕೆ ಇಷ್ಟವಿರಲಿಲ್ಲ. ಆದ್ದರಿಂದ ನಂತರದ ಹಡಗುಗಳು ಬ್ರಿಟಿಷರ ಕೈಯಲ್ಲಿದ್ದ ಜಿಬ್ರಾಲ್ಟರಿನಿಂದ ಜನರನ್ನು ಹತ್ತಿಸಿಕೊಂಡವು. ಹಳ್ಳಿಯವರು ಮೂಟೆ ಕಟ್ಟಿಕೊಂಡು ಗಡಿ ದಾಟಿ ಅಲ್ಲಿಗೆ ಬಂದರು. ಹೀಗೆ ಹೊರಟವರ ದಾಖಲೆಯನ್ನು ಸ್ಪೇನಿನ ಬಂದರುಗಳಲ್ಲಿ ಹುಡುಕುವುದು ವ್ಯರ್ಥ. ಇಳಿದ ಕಡೆಯಲ್ಲೇ ಹುಡುಕಬೇಕು.

ಇಳಿದ ಕಡೆಯಲ್ಲಿ, ಅಂದರೆ ಹೊನಲುಲುವಿನಲ್ಲಿ, ಅಮೆರಿಕದ ವಲಸೆ ಅಧಿಕಾರಿಗಳು ಪ್ರತಿಯೊಬ್ಬ ಪ್ರಯಾಣಿಕನ ವಿವರವನ್ನೂ ಬರೆಸಿಕೊಂಡರು. ವಿಲ್ಸ್‌ಡನ್ ಹಡಗಿನ ಪಟ್ಟಿಯ ಒಂದು ಹಾಳೆಯನ್ನು ಕಂಪ್ಯೂಟರ್ ಪರದೆಯ ತುಂಬ ಹಿಗ್ಗಿಸಿಕೊಂಡು ನಾವು ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ಎಡಗಡೆಯ ಪುಟದಲ್ಲಿ ಹೆಸರು, ವಯಸ್ಸು, ಮದುವೆ, ಕಸುಬು, ಓದು ಬರಹ ಬರುತ್ತದೆಯೇ ಎಂಬ ಅಂಕಣಗಳು. ಕಸುಬಿನ ಕೆಳಗೆ ಮೇಲಿಂದ ಕೆಳಗಿನವರೆಗೆ ಒಂದೇ ಪದ, ಕೂಲಿ. ಓದು ಬರಹದ ಕೆಳಗೆ ಸಾಲು ಸಾಲಾಗಿ ಇಲ್ಲ, ಇಲ್ಲ. ನಂತರ ಕೊನೆಯದಾಗಿ ವಾಸವಿದ್ದ ಊರು, ಆ ಊರಿನಲ್ಲಿ ಉಳಿದಿರುವ ಹತ್ತಿರದ ಬಂಧುವಿನ ಹೆಸರು. ಬಲಗಡೆಯ ಪುಟದಲ್ಲಿ ಪ್ರಯಾಣದ ಖರ್ಚು ಕೊಟ್ಟವರು ಯಾರು, ಕೈಯಲ್ಲಿ ಹಣವೆಷ್ಟಿದೆ, ಎತ್ತರವೆಷ್ಟು, ಕಣ್ಣಿನ ಬಣ್ಣವೇನು, ಮೈಮೇಲಿನ ಗುರುತೇನು ಎಂಬ ಪ್ರಶ್ನೆಗಳು. ಎಲ್ಲಕ್ಕಿಂತ ಕೊನೆಗೆ, ಹಾಳೆಯ ಅಂಚಿನಲ್ಲಿ, ಹುಟ್ಟೂರು. ಹೆಸರುಗಳ ಸೂಚಿಯನ್ನು ಮಾತ್ರ ನೋಡಿ ತೃಪ್ತರಾಗುವವರು ಹಾಳೆಯನ್ನು ತೆರೆಯುವುದಿಲ್ಲ, ತೆರೆದವರೂ ಎಡ ಪುಟದಲ್ಲೇ ನಿಂತುಬಿಡುತ್ತಾರೆ. ಅಜ್ಜಿಯ ತಾತ ಕೊನೆಯದಾಗಿ ವಾಸವಿದ್ದ ಊರೆಂದು ಎಡ ಪುಟದಲ್ಲಿ ಬರೆದದ್ದು ಮೊತ್ರಿಲ್. ಬಲ ಪುಟದ ಅಂಚಿನಲ್ಲಿದ್ದದ್ದು ಅದರ ಸಮೀಪದ ಬೇರೊಂದು ಸಣ್ಣ ಊರು. ಊರಿನಲ್ಲಿ ಉಳಿದ ಬಂಧುವೆಂದು ಹೇಳಿದ್ದು ತಾಯಿಯ ಹೆಸರನ್ನು. ಆ ತಾಯಿಯ ಹೆಸರನ್ನು ಅಜ್ಜಿ ತಮ್ಮ ಜೀವಮಾನದಲ್ಲಿ ಕೇಳಿಯೇ ಇರಲಿಲ್ಲ. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಮನೆಯವರಿಗೆ ಅದು ಇಷ್ಟವಿಲ್ಲ.

ಹೆಸರುಗಳ ವಿಷಯದಲ್ಲಿ ಸ್ಪೇನಿನ ಪದ್ಧತಿಯನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರುಗಳು, ತಂದೆಯದೊಂದು, ತಾಯಿಯದೊಂದು. ಮದುವೆಯಾದ ಹೆಂಗಸು ತನ್ನ ಹೆಸರನ್ನು ಬಿಡುವುದಿಲ್ಲ. ಹಡಗಿನ ಪಟ್ಟಿಯಲ್ಲಿ ಗಂಡನದು ಒಂದು ಹೆಸರು, ಹೆಂಡತಿಯದು ಇನ್ನೊಂದು, ಜೊತೆಗಿರುವ ವಿಧವೆ ತಾಯಿಯದು ಮತ್ತೊಂದು ಆಗಿರುವುದರಿಂದ, ಒಂದೇ ಮನೆಯವರು ಅಪರಿಚಿತರಂತೆ ಕಾಣುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಅದೇ ಹೆಂಗಸು ಅಮೆರಿಕದ ರೂಢಿಯಂತೆ ಗಂಡನ ಹೆಸರನ್ನು ಹೊತ್ತು, ಹಳೆಯ ಹೆಸರು ಪೂರ್ತಿಯಾಗಿ ಅಳಿಸಿಹೋಗುತ್ತದೆ. ಗಂಡಸರಲ್ಲಿ ಕೆಲವರನ್ನು ಗುಮಾಸ್ತರು ಎರಡನೆಯ ಹೆಸರಿನಿಂದ, ಅಂದರೆ ತಾಯಿಯ ಮನೆತನದ ಹೆಸರಿನಿಂದ ದಾಖಲಿಸಿದರು, ಅದೇ ಅವರಿಗೆ ಅಂಟಿಕೊಂಡಿತು. ಅಣ್ಣ ಒಂದು ಹೆಸರಿನವನಾಗಿ, ತಮ್ಮ ಇನ್ನೊಂದು ಹೆಸರಿನವನಾಗಿ ಉಳಿದ ಉದಾಹರಣೆಗಳೂ ಇವೆ.

ಇದರ ಮೇಲೆ ಹವಾಯಿಯದೇ ಆದ ಒಂದು ತೊಡಕು. ತೋಟಗಳಲ್ಲಿ ಮೇಸ್ತ್ರಿಗಳಾಗಿದ್ದವರಲ್ಲಿ ಪೋರ್ಚುಗೀಸರು ಬಹಳ ಮಂದಿ. ಸ್ಪೇನಿನವರಿಗಿಂತ ಮುವ್ವತ್ತು ವರ್ಷ ಮೊದಲು ಬಂದಿದ್ದ ಅವರ ಹೆಸರುಗಳ ಕಾಗುಣಿತ ಅಲ್ಲಿನ ಗುಮಾಸ್ತರ ಕೈಗೆ ರೂಢಿಯಾಗಿತ್ತು. ಹಾಗಾಗಿ ಗೊನ್ಸಾಲೆಸ್ ಎಂಬುವವನು ಗೊನ್ಸಾಲ್ವೆಸ್ ಆದ, ಹೊಸೆ ಎಂಬುವವನು ಜೋ ಆದ, ಅಂತೋನಿಯೊ ಆಂಟೋನ್ ಆದ. ಹಿಮೆನೆಸ್ ಎಂಬ ಹೆಸರನ್ನು ಕಿವಿಗೆ ಕೇಳಿದಂತೆ ಬೇರೆ ಅಕ್ಷರದಿಂದ ಬರೆದದ್ದರಿಂದ, ಸೂಚಿಯಲ್ಲಿ ಅದು ಸರಿಯಾದ ಜಾಗದಿಂದ ಎಷ್ಟೋ ಪುಟ ದೂರ ಸರಿಯಿತು. 1900ರ ಕೊನೆಯಿಂದ ಪೋರ್ಟೊ ರಿಕೊ ದ್ವೀಪದವರೂ ಅಲ್ಲಿಗೆ ಬಂದಿದ್ದರು, ಅವರ ಭಾಷೆಯೂ ಸ್ಪ್ಯಾನಿಷ್. ಜನಗಣತಿಯ ಅಧಿಕಾರಿ ಸ್ಪೇನಿನವರು, ಪೋರ್ಚುಗೀಸರು, ಪೋರ್ಟೊ ರಿಕೊದವರು ಎಂದು ಬೇರೆ ಬೇರೆಯಾಗಿ ಗುರುತು ಹಾಕಬೇಕಿತ್ತಾದರೂ, ಒಂದೇ ಸಂಸಾರ ಒಂದು ದಾಖಲೆಯಲ್ಲಿ ಒಂದು ಗುಂಪಿಗೂ ಇನ್ನೊಂದರಲ್ಲಿ ಇನ್ನೊಂದು ಗುಂಪಿಗೂ ಸೇರಿರುವುದನ್ನು ಕಾಣಬಹುದು. ಆದ್ದರಿಂದ ಹೆಸರಿನ ಕಾಗುಣಿತಕ್ಕೆ ಜೋತುಬೀಳದೆ, ಸಂಸಾರವನ್ನೇ ಒಂದು ಘಟಕವಾಗಿ ಹುಡುಕುವುದು ಲೇಸು. ಮೂವತ್ತು ವರ್ಷದ ಗಂಡ, ಇಪ್ಪತ್ತಾರರ ಹೆಂಡತಿ, ಏಳು, ನಾಲ್ಕು, ಒಂದು ವಯಸ್ಸಿನ ಮಕ್ಕಳು, ಮಕ್ಕಳ ಹೆಸರುಗಳ ಅನುಕ್ರಮ, ಇವಿಷ್ಟು ಹೊಂದಿಕೊಂಡರೆ ಮನೆತನದ ಹೆಸರು ಹೇಗೆ ಬರೆದಿದ್ದರೂ ಅವರು ಅವರೇ.

ತೋಟಗಳಲ್ಲಿ ಉಳಿದಿರುವ ಕಾಗದಗಳ ಬಗ್ಗೆ ಹೆಚ್ಚಿನ ಆಸೆ ಇಟ್ಟುಕೊಳ್ಳಬಾರದೆಂದು ನನ್ನ ಅನಿಸಿಕೆ. ಸಕ್ಕರೆ ಮಾಲೀಕರ ಸಂಘ ಸಂಗ್ರಹಿಸಿದ ತೋಟಗಳ ದಾಖಲೆಗಳು ಈಗ ಹೊನಲುಲುವಿನ ಮಾನೊವಾದಲ್ಲಿರುವ ಹವಾಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಸಂಬಳದ ಪುಸ್ತಕಗಳೂ ಅವುಗಳಲ್ಲಿವೆ. ಆದರೆ ತೋಟದ ಲೆಕ್ಕದಲ್ಲಿ ಮನುಷ್ಯನಿಗಿಂತ ನಂಬರು ಮುಖ್ಯ. ಬಾಂಗೊ ಎಂದು ಕರೆಯುತ್ತಿದ್ದ ಲೋಹದ ಬಿಲ್ಲೆಯ ಮೇಲೆ ಕೊರೆದ ಸಂಖ್ಯೆಯನ್ನು ತೋರಿಸಿ ಕೂಲಿಗಳು ಸಂಬಳ ಪಡೆಯುತ್ತಿದ್ದ ಕಾಲವದು. ಚರ್ಚಿನ ಪುಸ್ತಕಗಳ ಕಥೆ ಹಾಗಲ್ಲ. ಹವಾಯಿಗೆ 1827ರಲ್ಲಿ ಮೊದಲು ಕಾಲಿಟ್ಟ ಸೇಕ್ರೆಡ್ ಹಾರ್ಟ್ಸ್ ಪಂಗಡದ ಪಾದ್ರಿಗಳು ತೋಟಗಳ ಸುತ್ತಲಿನ ಕ್ಯಾಥೊಲಿಕ್ ಸಂಸಾರಗಳ ಜ್ಞಾನಸ್ನಾನ (ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಸಂಸ್ಕಾರ), ಮದುವೆ, ಸಾವುಗಳನ್ನು ಬರೆದಿಟ್ಟರು. ಜ್ಞಾನಸ್ನಾನದ ನಮೂದಿನಲ್ಲಿ ತಂದೆತಾಯಿಗಳ ಜೊತೆಗೆ ಗಾಡ್‌ಫಾದರ್, ಗಾಡ್‌ಮದರ್ ಆಗಿ, ಅಂದರೆ ಮಗುವಿನ ಧರ್ಮದ ತಂದೆತಾಯಿಯಾಗಿ ನಿಂತವರ ಹೆಸರೂ ಇರುತ್ತದೆ. ಊರು ಬಿಟ್ಟು ಬಂದವರು ಈ ಸ್ಥಾನಕ್ಕೆ ಕರೆಯುತ್ತಿದ್ದದ್ದು ಹೆಚ್ಚಾಗಿ ಸ್ವಂತ ಊರಿನವರನ್ನೇ, ಇಲ್ಲವೇ ಹಡಗಿನಲ್ಲಿ ಒಟ್ಟಿಗೆ ಬಂದವರನ್ನು. ಅಜ್ಜಿಯ ಮನೆತನದ ಊರನ್ನು ಖಚಿತಪಡಿಸಿಕೊಳ್ಳಲು ನೆರವಾದದ್ದು ಇಂಥ ಒಬ್ಬ ಗಾಡ್‌ಮದರ್. ಆಕೆಯ ಸಂಸಾರವೂ ಅದೇ ಹಡಗಿನ ಪಟ್ಟಿಯಲ್ಲಿ ಕೆಲವು ಪುಟಗಳ ಆಚೆ ಇತ್ತು, ಹುಟ್ಟೂರು ಸ್ಪಷ್ಟವಾದ ಕೈಬರಹದಲ್ಲಿತ್ತು.

ದ್ವೀಪದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಯಾವಾಗ ಎಂಬುದನ್ನು ತಿಳಿಯಲು ಇನ್ನೊಂದು ಸುಲಭದ ಉಪಾಯವಿದೆ. 1920ರ ಜನಗಣತಿಯ ಹಾಳೆಯಲ್ಲಿ ಹುಟ್ಟಿದ ಸ್ಥಳದ ಅಂಕಣವನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದುವುದು. ತಂದೆ ಸ್ಪೇನ್, ತಾಯಿ ಸ್ಪೇನ್, ದೊಡ್ಡ ಮಗಳು ಸ್ಪೇನ್, ನಡುವಿನ ಇಬ್ಬರು ಹವಾಯಿ, ಕೊನೆಯ ಮಗು ಕ್ಯಾಲಿಫೋರ್ನಿಯಾ. ನಡುವಿನ ಮಕ್ಕಳ ವಯಸ್ಸನ್ನೂ ಕೊನೆಯ ಮಗುವಿನ ವಯಸ್ಸನ್ನೂ ಲೆಕ್ಕ ಹಾಕಿದರೆ ಹಡಗು ಹತ್ತಿದ ವರ್ಷ ಒಂದೆರಡು ವರ್ಷದ ಅಂತರದಲ್ಲಿ ಸಿಗುತ್ತದೆ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಪಟ್ಟಿಗಳಲ್ಲಿ ಹುಡುಕುವುದು ಸುಲಭ. ಮೊದಲ ಮಹಾಯುದ್ಧದ ಸೈನ್ಯ ನೋಂದಣಿಯ ಕಾರ್ಡುಗಳನ್ನೂ ನೋಡಬೇಕು. ಯುವಕರನ್ನಷ್ಟೇ ಕರೆದ 1917ರ ಮೊದಲ ನೋಂದಣಿಯ ಕಾರ್ಡಿನಲ್ಲಿ ಹುಟ್ಟಿದ ಊರನ್ನು ಕೇಳಿದ್ದಾರೆ, ಹೆಚ್ಚು ವಯಸ್ಸಿನವರನ್ನೂ ಕರೆದ 1918ರ ಸೆಪ್ಟೆಂಬರಿನ ಕಾರ್ಡಿನಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟಿದ್ದಾರೆ. ಯುವಕನಾಗಿದ್ದ ತಮ್ಮನ ಕಾರ್ಡು ಅಣ್ಣನ ಕಾರ್ಡಿಗಿಂತ ಹೆಚ್ಚು ಬೆಲೆಬಾಳುವುದು ಈ ಕಾರಣಕ್ಕೆ.

ಬಂದವರು ವಾಕವಿಲ್, ವಿಂಟರ್ಸ್, ರಾಕ್ಲಿನ್, ಹೇವರ್ಡ್, ಸ್ಯಾನ್ ಲಿಯಾಂಡ್ರೊ, ಮೌಂಟನ್ ವ್ಯೂ, ಸನಿವೇಲ್‌ಗಳಲ್ಲಿ ಹಂಚಿಹೋದರು. ಇಂದು ಸಾಫ್ಟ್‌ವೇರ್ ಕಂಪನಿಗಳ ಕಚೇರಿಗಳಿರುವ ಸಾಂಟಾ ಕ್ಲಾರಾ ಕಣಿವೆ ಆಗ ಏಪ್ರಿಕಾಟ್ ಮತ್ತು ಪ್ರೂನ್ ಹಣ್ಣುಗಳ ತೋಟ. ಸನಿವೇಲ್‌ನಲ್ಲಿ ಲಿಬ್ಬಿ ಕಂಪನಿಯ ಡಬ್ಬಿ ಕಾರ್ಖಾನೆ ಇತ್ತು. ಕಾರ್ಖಾನೆ ಹೋಗಿ, ಹಣ್ಣಿನ ಡಬ್ಬಿಯಂತೆ ಬಣ್ಣ ಬಳಿದ ಅದರ ನೀರಿನ ಗೋಪುರ ಮಾತ್ರ ಕಚೇರಿಗಳ ನಡುವೆ ಉಳಿದಿದೆ, ಅದರ ಪಕ್ಕದಲ್ಲಿ ದಿನವೂ ಕಾರು ಓಡಿಸುವ ಕನ್ನಡಿಗರು ಎಷ್ಟೋ ಜನ. ಅಜ್ಜಿಯ ನೆನಪುಗಳು ಶುರುವಾಗುವುದು ಏಪ್ರಿಕಾಟ್ ಕೊಯ್ಯುವ ಕೊಟ್ಟಿಗೆಗಳಿಂದ. ಹಣ್ಣಿನ ಸುತ್ತ ಚಾಕುವಿನಿಂದ ಒಂದು ಗೀರು ಹಾಕಿ, ಎರಡು ಹೋಳು ಮಾಡಿ, ಓಟೆ ತೆಗೆದು, ಕತ್ತರಿಸಿದ ಮೈ ಮೇಲಾಗುವಂತೆ ಮರದ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಬೇಕು. ತಟ್ಟೆಗಳನ್ನು ಗಂಧಕದ ಹೊಗೆಯ ಕೋಣೆಯಲ್ಲಿಟ್ಟು ನಂತರ ಬಿಸಿಲಿಗೆ ಹರಡುತ್ತಾರೆ. ಬೇಸಿಗೆಯಲ್ಲಿ ತಾಯಂದಿರೂ ಮಕ್ಕಳೂ ಒಂದೇ ಬೆಂಚಿನ ಮುಂದೆ ನಿಂತು ಈ ಕೆಲಸ ಮಾಡುತ್ತಿದ್ದರಂತೆ, ಕೂಲಿ ಕೊಯ್ದ ಪೆಟ್ಟಿಗೆಯ ಲೆಕ್ಕದಲ್ಲಿ. ಹಳೆಯ ಹೆಂಗಸರು ಕೈ ನಿಲ್ಲಿಸದೆ ಮಾತನಾಡುತ್ತಿದ್ದದ್ದು ಹವಾಯಿಯ ಬಗ್ಗೆಯೇ ಹೊರತು ಸ್ಪೇನಿನ ಬಗ್ಗೆ ಅಲ್ಲ ಎಂದು ಅಜ್ಜಿ ಹೇಳಿದಾಗ ನನಗೆ ಮೊದಲು ಆಶ್ಚರ್ಯವಾಯಿತು. ಯೋಚಿಸಿದರೆ ಅದು ಸಹಜವೇ. ಬೇರೆ ಬೇರೆ ಹಳ್ಳಿಗಳಿಂದ ಬಂದ ಅವರನ್ನೆಲ್ಲ ಒಂದು ಸಮುದಾಯವನ್ನಾಗಿ ಮಾಡಿದ್ದು ಆ ದ್ವೀಪದ ಕಬ್ಬಿನ ತೋಟದ ಸಾಲುಮನೆಗಳೇ.

ಊರು ಗೊತ್ತಾದ ಮೇಲೆ ಸ್ಪೇನಿನ ಕಡೆಯ ಕೆಲಸ ನಿರೀಕ್ಷಿಸಿದ್ದಕ್ಕಿಂತ ಸಲೀಸು. ಅಲ್ಲಿ 1871ರ ಜನವರಿಯಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರವೇ ದಾಖಲಿಸುತ್ತ ಬಂದಿದೆ. ಸಣ್ಣ ಊರುಗಳಲ್ಲಿ ಆ ಪುಸ್ತಕಗಳು ಸ್ಥಳೀಯ ನ್ಯಾಯಾಂಗ ಕಚೇರಿಯಲ್ಲಿರುತ್ತವೆ, ಪ್ರತಿಗೆ ಶುಲ್ಕವಿಲ್ಲ. ಕೇಳುವಾಗ ಸಂಕ್ಷಿಪ್ತ ಪ್ರಮಾಣಪತ್ರ ಬೇಡ, ಮೂಲ ನಮೂದಿನ ಪೂರ್ತಿ ನಕಲು ಬೇಕೆಂದು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನಿಜವಾದ ಸಂಪತ್ತು ಇರುವುದು ಅದರಲ್ಲಿ. ಅಜ್ಜಿಯ ತಾತ ಹುಟ್ಟಿದ್ದರ ನಮೂದು ಒಂದು ದೊಡ್ಡ ಹಾಳೆಯ ಉದ್ದಕ್ಕೂ ಇದೆ. ಮಗುವಿನ ಜನನವನ್ನು ತಿಳಿಸಲು ಬಂದವನು ತಂದೆಯೇ. ಅವನ ವಯಸ್ಸು, ಕಸುಬು, ಬೀದಿಯ ಹೆಸರು ಇವೆ. ಮಗು ಹುಟ್ಟಿದ್ದು ಬೆಳಗಿನ ಜಾವ ಎಷ್ಟು ಗಂಟೆಗೆ ಎಂಬುದನ್ನೂ ಅಂಕಿಗಳಲ್ಲಲ್ಲ, ಅಕ್ಷರಗಳಲ್ಲಿ ಬರೆದಿದ್ದಾರೆ. ನಂತರ ತಂದೆಯ ತಂದೆ ತಾಯಿ, ತಾಯಿಯ ತಂದೆ ತಾಯಿ, ನಾಲ್ವರ ಎರಡೆರಡು ಮನೆತನದ ಹೆಸರುಗಳು, ಪ್ರತಿಯೊಬ್ಬರೂ ಯಾವ ಊರಿನವರು, ಬದುಕಿದ್ದಾರೆಯೇ ಇಲ್ಲವೇ ಎಂಬ ವಿವರ. ಕೊನೆಯಲ್ಲಿ, ಹೇಳಿಕೆ ಕೊಟ್ಟವನಿಗೆ ಸಹಿ ಮಾಡಲು ಬಾರದ ಕಾರಣ ಅವನ ಪರವಾಗಿ ಸಾಕ್ಷಿಯೊಬ್ಬ ಸಹಿ ಹಾಕಿದ್ದಾನೆಂಬ ಷರಾ. ಒಂದೇ ಹಾಳೆಯಲ್ಲಿ ಮೂರು ತಲೆಮಾರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನ ಮೇಲೆ ಬಂದು ಮನೆಯ ಹಿರಿಯರ ಹೆಸರುಗಳನ್ನು ಒಪ್ಪಿಸುವ ಹೆಳವನನ್ನು ಬಾಲ್ಯದಲ್ಲಿ ಕಂಡವನು ನಾನು. ಅವನು ಹೆಣ್ಣುಮಕ್ಕಳ ಕಡೆಯವರನ್ನು ಹೇಳುತ್ತಿದ್ದ ನೆನಪಿಲ್ಲ. ಸ್ಪೇನಿನ ಗುಮಾಸ್ತ ಹೇಳುತ್ತಾನೆ, ಅದೂ ಗಂಡಸರಷ್ಟೇ ವಿವರವಾಗಿ.

1871ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿನ ಪುಸ್ತಕಗಳೇ ಗತಿ, ಅಲ್ಲಿ ಅದೃಷ್ಟದ ಪಾತ್ರ ದೊಡ್ಡದು. 1931ರ ಮೇ ತಿಂಗಳಲ್ಲಿ ಮಾಲಗಾದಲ್ಲಿ ಚರ್ಚು, ಮಠಗಳಿಗೆ ಬೆಂಕಿ ಬಿತ್ತು. 1936ರಲ್ಲಿ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ಎಷ್ಟೋ ಊರುಗಳಲ್ಲಿ ಅದೇ ಮರುಕಳಿಸಿತು. ಪಕ್ಕಪಕ್ಕದ ಎರಡು ಊರುಗಳಲ್ಲಿ ಒಂದರ ಪುಸ್ತಕಗಳು ಹದಿನಾರನೆಯ ಶತಮಾನದವರೆಗೆ ಹೋಗುತ್ತವೆ, ಇನ್ನೊಂದರಲ್ಲಿ 1936ಕ್ಕೆ ಮೊದಲಿನ ಒಂದು ಹಾಳೆಯೂ ಇಲ್ಲ. ಪುಸ್ತಕ ಉಳಿದಿದ್ದರೆ ಅದರ ಅಂಚುಗಳನ್ನು ಮರೆಯದೆ ನೋಡಬೇಕು. 1908ರಿಂದ ಜಾರಿಗೆ ಬಂದ ಚರ್ಚಿನ ನಿಯಮದ ಪ್ರಕಾರ, ಯಾರದಾದರೂ ಮದುವೆ ಎಲ್ಲೇ ನಡೆದರೂ ಅದನ್ನು ನಡೆಸಿದ ಪಾದ್ರಿ ಅವರ ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಬೇಕಿತ್ತು, ಅಲ್ಲಿನವರು ಮೂಲ ನಮೂದಿನ ಪಕ್ಕದಲ್ಲಿ ಅದನ್ನು ಬರೆದುಕೊಳ್ಳಬೇಕಿತ್ತು. ಈ ನಿಯಮದಿಂದಾಗಿ, ಗ್ರಾನಡಾದ ಹಳ್ಳಿಯಲ್ಲಿ ಹುಟ್ಟಿದ ಹುಡುಗಿಯ ಹೆಸರಿನ ಪಕ್ಕದಲ್ಲಿ ಪೆಸಿಫಿಕ್ ದ್ವೀಪವೊಂದರ ಮದುವೆಯ ತಾರೀಖು ಸಿಗುವುದು ಸಾಧ್ಯ.

ಸಣ್ಣ ಊರಿನವರು ಬಂಧುಗಳೊಳಗೇ ಮದುವೆಯಾಗುತ್ತ ಬಂದದ್ದರಿಂದ ಅದೇ ನಾಲ್ಕೈದು ಮನೆತನದ ಹೆಸರುಗಳು ಸುತ್ತಿ ಸುತ್ತಿ ಬರುತ್ತವೆ. ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡವರಿಗೆ ಇದು ದೊಡ್ಡ ತಲೆನೋವು. ನಿಜವಾಗಿ ಐದನೆಯ ತಲೆಮಾರಿನ ದೂರದ ಸಂಬಂಧಿ, ಹಲವು ದಾರಿಗಳಿಂದ ರಕ್ತ ಸೇರಿರುವ ಕಾರಣ, ಮೂರನೆಯ ತಲೆಮಾರಿನವನಂತೆ ಕಾಣುತ್ತಾನೆ. ಆದರೆ ಇದೇ ಒಳಮದುವೆ ಇನ್ನೊಂದು ಬಗೆಯ ಕಾಗದವನ್ನೂ ಹುಟ್ಟುಹಾಕಿದೆ: ಹತ್ತಿರದ ಬಂಧುಗಳು ಮದುವೆಯಾಗಬೇಕಾದರೆ ಬಿಷಪ್ಪರ ಅನುಮತಿ ಬೇಕಿತ್ತು, ಅರ್ಜಿಯ ಜೊತೆಗೆ ಇಬ್ಬರ ಸಂಬಂಧವನ್ನು ತೋರಿಸುವ ವಂಶವೃಕ್ಷವನ್ನು ಬರೆದುಕೊಡಬೇಕಿತ್ತು. ಪಾದ್ರಿಯೇ ಕೈಯಾರೆ ಬರೆದ ಇಂಥ ವಂಶವೃಕ್ಷದ ಮುಂದೆ ಇಂದಿನ ಅಂತರ್ಜಾಲದ ಸಿದ್ಧ ವಂಶವೃಕ್ಷಗಳು ನಿಲ್ಲಲಾರವು. ಆ ಸಿದ್ಧ ವೃಕ್ಷಗಳ ಬಗ್ಗೆ ನನಗೆ ತೀರಾ ಬೇಸರ. ಒಂದೇ ಹೆಸರಿನ ಇಬ್ಬರನ್ನು ಒಬ್ಬನನ್ನಾಗಿ ಮಾಡಿ, ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೂ ಇಡುವ ರೂಢಿಯನ್ನು ಅರಿಯದೆ ಇಬ್ಬರ ತಾರೀಖುಗಳನ್ನು ಬೆಸೆದು, ಕೊನೆಗೆ ಕೂಲಿಯ ಮನೆತನವನ್ನು ಯಾವುದೋ ಸರದಾರನ ವಂಶಕ್ಕೆ ಗಂಟು ಹಾಕಿರುತ್ತಾರೆ. ನಂತರ ಬಂದವರು ಅದನ್ನೇ ನಕಲು ಮಾಡುತ್ತಾರೆ. ಹಡಗಿನ ಪಟ್ಟಿಯಲ್ಲಿ ಸಾಲು ಸಾಲಾಗಿ ಕೂಲಿ ಎಂದು ಬರೆದಿರುವುದನ್ನು ಒಪ್ಪಿಕೊಳ್ಳಲು ಇಷ್ಟು ಕಷ್ಟವೇಕೋ ನನಗೆ ತಿಳಿಯದು.

ಈಚಿನ ವರ್ಷಗಳಲ್ಲಿ ಇಂಥ ಹುಡುಕಾಟಗಳು ಹೆಚ್ಚಾಗಲು ಒಂದು ಕಾನೂನೂ ಕಾರಣ. 2022ರ ಅಕ್ಟೋಬರಿನಲ್ಲಿ ಸ್ಪೇನ್ ಜಾರಿಗೆ ತಂದ ಪ್ರಜಾಸತ್ತಾತ್ಮಕ ಸ್ಮೃತಿ ಕಾಯಿದೆಯು, ಅಜ್ಜ ಅಥವಾ ಅಜ್ಜಿ ಮೂಲತಃ ಸ್ಪೇನಿನ ಪ್ರಜೆಯಾಗಿದ್ದವರಿಗೆ ಅಲ್ಲಿನ ಪೌರತ್ವ ಪಡೆಯುವ ಅವಕಾಶ ಕೊಟ್ಟಿತು; ಆ ಗಡುವು 2025ರ ಅಕ್ಟೋಬರಿಗೆ ಮುಗಿಯಿತು. ಗಡುವಿನ ಅವಸರದಲ್ಲಿ ಹುಡುಕಿದವರಿಗೆ ಬೇಕಾಗಿದ್ದದ್ದು ತಾತನ ಜನನದ ಒಂದು ಕಾಗದ ಮಾತ್ರ, ಅದು ಸಿಕ್ಕ ಕೂಡಲೇ ಅವರು ನಿಲ್ಲಿಸಿದರು. ನಮ್ಮ ಅಜ್ಜಿಗೆ ಪಾಸ್‌ಪೋರ್ಟಿನ ಆಸೆ ಇರಲಿಲ್ಲ, ಹಾಗಾಗಿ ನಾವು ನಿಲ್ಲಿಸಬೇಕಾಗಿಯೂ ಇಲ್ಲ.

ಅವರ ಮನಸ್ಸು ಈಗ ನೆಟ್ಟಿರುವುದು ದ್ವೀಪದಲ್ಲೇ ಉಳಿದ ಒಬ್ಬಳ ಮೇಲೆ. ತಾತನ ತಂಗಿ, ವಿಲ್ಸ್‌ಡನ್ ಪಟ್ಟಿಯ ಪ್ರಕಾರ ಆಗ ಹದಿನಾರು ವರ್ಷದವಳು, ಮಾವಿ ದ್ವೀಪದಲ್ಲಿ ಪೋರ್ಚುಗೀಸ್ ಹುಡುಗನೊಬ್ಬನನ್ನು ಮದುವೆಯಾಗಿ ಅಲ್ಲೇ ನಿಂತಳೆಂದು ಮನೆಯಲ್ಲಿ ಹೇಳುತ್ತಿದ್ದರು. ಅವಳ ಗಂಡ ಕೆಲಸ ಮಾಡಿದ್ದು ಪುಉನೇನೆ ಸಕ್ಕರೆ ಕಾರ್ಖಾನೆಯ ಕಡೆ ಎಂಬುದು ಅಜ್ಜಿಯ ನೆನಪು. ಹವಾಯಿಯಲ್ಲಿ ಎಲ್ಲಕ್ಕಿಂತ ಕೊನೆಗೆ, 2016ರಲ್ಲಿ, ಕಬ್ಬು ಅರೆಯುವುದನ್ನು ನಿಲ್ಲಿಸಿದ ಕಾರ್ಖಾನೆ ಅದು. ಮದುವೆಯ ನಂತರ ಅವಳ ಹೆಸರು ಪೋರ್ಚುಗೀಸ್ ಹೆಸರುಗಳ ರಾಶಿಯಲ್ಲಿ ಸೇರಿಹೋಗಿದೆ, ಜನಗಣತಿಯಲ್ಲೂ ಮಕ್ಕಳು ಪೋರ್ಚುಗೀಸರೆಂದೇ ದಾಖಲಾಗಿರುತ್ತಾರೆ. ಮಾವಿಯ ಕ್ಯಾಥೊಲಿಕ್ ಚರ್ಚುಗಳ 1912ರಿಂದ 1920ರವರೆಗಿನ ಮದುವೆಯ ಪುಸ್ತಕಗಳಲ್ಲಿ ವಧುವಿನ ತಾಯಿಯ ಹೆಸರನ್ನು ಹಿಡಿದು ಹುಡುಕಿಸಬೇಕೆಂದು ಕೇಳಿ ಪತ್ರ ಬರೆದಿದ್ದೇವೆ. ಆ ತಾಯಿಯ ಎರಡೂ ಮನೆತನದ ಹೆಸರುಗಳು ಈಗ ನಮ್ಮ ಕೈಯಲ್ಲಿವೆ.